ರೆಂಡರಿಗೆ ಹಚ್ಚೇನ್ರಿ

ಚಿಕ್ಕೋಡಿಯಲ್ಲಿ ವಿಡಿಯೋ ಎಡಿಟಿಂಗ್ ಅಂದರೆ ಜನ ಮುಖ ಮುಖ ನೋಡುತ್ತಾರೆ. ಇಲ್ಲಿ ಅದಕ್ಕೆ ಮಿಕ್ಸಿಂಗ್ ಅನ್ನಬೇಕು. ನಾನು ಮಿಕ್ಸಿಂಗ್ ಮಾಡುವವನು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ನನ್ನ ಕೋಣೆ. ನಮ್ಮ ಕ್ಯಾಮೆರಾಮನ್ ಮದುವೆ ಶೂಟ್ ಮಾಡಿ ಬಂದು ಮೆಮೊರಿ ಕಾರ್ಡುಗಳನ್ನು ಮೇಜಿನ ಮೇಲೆ ಒಗೆದು ಹೋಗುತ್ತಾನೆ. ನಾನು ಅದರೊಳಗಿನ ವಿಡಿಯೋ ಕತ್ತರಿಸಿ, ಜೋಡಿಸಿ, ಮೇಲೆ ಹಾಡು ಹಾಕಿ, ಪೆನ್‌ಡ್ರೈವಿಗೆ ತುಂಬಿ ಕೊಡುತ್ತೇನೆ. ಇಷ್ಟೇ ಕೆಲಸ. ಆದರೆ ಈ ಭಾಗದಲ್ಲಿ ನನಗೊಂದು ಹೆಸರಿತ್ತು, ಆ ಹೆಸರು ನನ್ನ ತಲೆಗೇರಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಮಿಕ್ಸಿಂಗ್‌ನವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಅಲ್ಲಿ ಬಂದು ನನ್ನನ್ನೇ ಕೇಳುತ್ತಿದ್ದರು. ವಿಡಿಯೋ ಹೊರತೆಗೆಯುವ ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಲ್ಲುತ್ತಿದೆಯೇ? ಎಲ್ಲಿ ನಿಂತಿತೋ ಆ ಜಾಗಕ್ಕೆ ಹೋಗು, ಅಲ್ಲಿ ಕೂರಿಸಿದ ಎಫೆಕ್ಟು ಕಿತ್ತು ಒಗೆ, ಮತ್ತೆ ಹಚ್ಚು. ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಬಾಯಿ ಒಂದು ಕಡೆ, ಮಾತು ಒಂದು ಕಡೆ ಹೋಗುತ್ತಿದೆಯೇ? ಮೊಬೈಲು ಒಂದೇ ವೇಗದಲ್ಲಿ ಫ್ರೇಮು ಹಿಡಿಯುವುದಿಲ್ಲ, ಮೊದಲು ಅದನ್ನು ಒಂದೇ ವೇಗಕ್ಕೆ ಬದಲಿಸಿಕೋ, ಆಮೇಲೆ ಮುಟ್ಟು. ಪೆನ್‌ಡ್ರೈವಿನಿಂದಲೇ ನೇರವಾಗಿ ಮಿಕ್ಸಿಂಗ್ ಮಾಡುತ್ತಿದ್ದೀಯಾ? ತಲೆಯಲ್ಲಿ ಏನಾದರೂ ಇದೆಯೇ ನಿನಗೆ? ಹೀಗೆ. ಕೂತು ಬರೆಯುವ ತಾಳ್ಮೆ ನನಗಿಲ್ಲ, ದನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಅದರಲ್ಲಿ ಉಪಾಯಕ್ಕಿಂತ ಬೈಗುಳವೇ ಹೆಚ್ಚಿರುತ್ತಿತ್ತು. ಬೈಸಿಕೊಂಡವರು ಕೈ ಮುಗಿದ ಚಿತ್ರ ಹಾಕುತ್ತಿದ್ದರು, ನನಗೆ ಅಷ್ಟಕ್ಕೇ ಹೊಟ್ಟೆ ತುಂಬುತ್ತಿತ್ತು.

ಆ ಬೇಸಿಗೆಯಲ್ಲಿ ಅಥಣಿಯವನೊಬ್ಬ ಕೇಳಿದ: 'ಅಣ್ಣಾ, ಟೈಮ್‌ಲೈನ್ ತುಂಬ ಕೆಂಪ ಆಗೈತ್ರಿ. ಮೀಡಿಯಾ ಆಫ್‌ಲೈನ್ ಅಂತ ತೋರಸಾಕತ್ತೈತಿ. ಏನ ಮಾಡ್ಲಿ?'

ಇದು ನಮ್ಮ ಕಸುಬಿಗೆ ನೆಗಡಿ ಇದ್ದಂತೆ, ಎಲ್ಲರಿಗೂ ಬರುತ್ತದೆ. ವಿಡಿಯೋದ ಫೈಲು ಒಂದು ಕಡೆ ಇರುತ್ತದೆ, ಅದನ್ನು ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಿದ್ದೇವೆ ಅನ್ನುವುದು ಟೈಮ್‌ಲೈನ್ ಎಂಬ ಪಟ್ಟಿಯಲ್ಲಿ ಇರುತ್ತದೆ. ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಕಂಪ್ಯೂಟರಿಗೆ ಅದರ ವಿಳಾಸ ತಪ್ಪಿ, ಆ ಜಾಗದಲ್ಲಿ ಕೆಂಪು ಪರದೆ ತೋರಿಸುತ್ತದೆ. ನಾವು ಹೊಸ ಜಾಗ ತೋರಿಸಿ ಮತ್ತೆ ಕೂಡಿಸಬೇಕು. ಎಡವುವುದು ಅಲ್ಲೇ. ಕಾರ್ಡು ಖಾಲಿ ಮಾಡಿದಾಗಲೆಲ್ಲ ನಮ್ಮ ಕ್ಯಾಮೆರಾಗಳು ಮತ್ತೆ ಒಂದರಿಂದಲೇ ಎಣಿಸಲು ಶುರು ಮಾಡುತ್ತವೆ. ಹಾಗಾಗಿ ಎಲ್ಲ ಮದುವೆಯ ಮೊದಲ ತುಣುಕಿಗೂ ಒಂದೇ ಹೆಸರು, ಎರಡನೆಯದಕ್ಕೂ ಒಂದೇ ಹೆಸರು. ಕಂಪ್ಯೂಟರ್ ಫೈಲಿನ ಹೆಸರು ನೋಡುತ್ತದೆಯೇ ಹೊರತು ಒಳಗೆ ಯಾರಿದ್ದಾರೆ ಎಂದು ನೋಡುವುದಿಲ್ಲ.

'ಲೇ, ಕಿವಿ ತಗದ ಕೇಳ,' ಎಂದು ಅವನಿಗೆ ರೆಕಾರ್ಡ್ ಮಾಡಿ ಕಳಿಸಿದೆ. 'ಕಾರ್ಡ್ ಖಾಲಿ ಮಾಡೂಕಿಂತ ಮೊದಲ ಒಂದೊಂದ ಮದುವಿಗೆ ಒಂದೊಂದ ಫೋಲ್ಡರ್ ಮಾಡ. ಫೈಲಿಗೆ ಊರ ಹೆಸರ ಹಚ್ಚ. ಮತ್ತ ಕೂಡಸೂವಾಗ ಹೆಸರ ನೋಡಿ ಕೂಡಸಬ್ಯಾಡ, ಮಾರಿ ನೋಡಿ ಕೂಡಸ. ಇಷ್ಟೂ ತಿಳೀದಿದ್ರ ಈ ಧಂದೆ ಬಿಟ್ಟ ದನಾ ಕಾಯಾಕ ಹೋಗ.'

ಹೆಸರಲ್ಲ, ಮುಖ ನೋಡಿ ಕೂಡಿಸು ಎಂದು ಹೇಳಿದವನು ನಾನು. ನನ್ನ ದನಿಯಲ್ಲೇ ಅದು ಇವತ್ತಿಗೂ ಆ ಗ್ರೂಪಿನಲ್ಲಿದೆ.

ಅದೇ ಲಗ್ನಸರಾಯಿಯಲ್ಲಿ, ಅಂದರೆ ಮದುವೆಗಳ ಹಂಗಾಮಿನಲ್ಲಿ, ಚಿಕ್ಕೋಡಿ ಹತ್ತಿರದ ಹಳ್ಳಿಯೊಂದರ ಮದುವೆ ನಮಗೆ ಬಂತು. ಕಬ್ಬಿನ ಹೊಲ ಇರುವ ಮನೆ. ಮದುವೆ ಮುಗಿದ ಮೇಲೆ ಹುಡುಗಿಯ ತಾಯಿಯೇ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಕೈಯಲ್ಲಿ ಮದುವೆಯ ಜಿಲೇಬಿಯ ಪೊಟ್ಟಣ ಇತ್ತು. ಹೀಗೆ ಬಂದವರು ಸಾಮಾನ್ಯವಾಗಿ ಡ್ರೋನಿನದು ಹೆಚ್ಚು ಹಾಕಿ, ಹುಡುಗಿ ನಕ್ಕದ್ದು ನಿಧಾನವಾಗಿ ತೋರಿಸಿ, ಆ ಹಾಡು ಬೇಡ ಈ ಹಾಡು ಹಾಕಿ ಎಂದು ತಲೆ ತಿನ್ನುತ್ತಾರೆ. ಇವರು ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತು ಎತ್ತಿದರು.

'ನಮ್ಮ ತಮ್ಮ ಬಂದಿದ್ನಂತ್ರಿ.'

'ಬಂದಿದ್ನಂತ ಅಂದ್ರ? ನೀವ ನೋಡ್ಲಿಲ್ಲೇನ್ರಿ?' ಎಂದೆ.

'ನಾ ಹೆಂಗ ನೋಡ್ಲ್ರಿ? ಅಕ್ಷತಾ ಬೀಳೂವಾಗ ಹಡದಾಕಿ ನೋಡಬಾರ್ದಲ್ಲ. ನಾ ಹಿಂದ ತುಳಸಿ ಕುಂಡಕ್ಕ ನೀರ ಹಾಕ್ಕೋತ ನಿಂತಿದ್ನಿ.'

ಅದು ಅವರ ಮನೆತನದ ಪದ್ಧತಿ. ಮಂಗಳಾಷ್ಟಕ ಹೇಳಿ ಅಕ್ಷತೆ ಬೀಳುವಷ್ಟು ಹೊತ್ತು ತಾಯಿ ಮಂಟಪದಲ್ಲಿ ಇರುವುದಿಲ್ಲ. ಆಗ ಹುಡುಗಿಯ ಬೆನ್ನ ಹಿಂದೆ ನಿಲ್ಲಬೇಕಾದವನು ಸೋದರಮಾವ. ಈ ಸೋದರಮಾವ ಬರುತ್ತಾನೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಆತ ಐನಾಪುರದಲ್ಲಿ ದ್ರಾಕ್ಷಿ ಬೆಳೆಯುವ ರೈತ. ಅಕ್ಕನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುತ್ತೇನೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಹೇಳುತ್ತಿದ್ದವನು. ನಮ್ಮ ಕಡೆ ಅದು ಅವನ ಹಕ್ಕೆಂದೇ ಲೆಕ್ಕ. ಆದರೆ ಹುಡುಗಿ ಒಲ್ಲೆ ಎಂದಳು, ತಾಯಿ ಮಗಳ ಮಾತು ಕೇಳಿದರು, ಬೇರೆ ಕಡೆ ಗಂಡು ಗೊತ್ತಾಯಿತು. ಅವತ್ತಿನಿಂದ ಅಕ್ಕ ತಮ್ಮನ ನಡುವೆ ಮಾತು ನಿಂತಿತ್ತು. ನಾಗರಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯುವುದು ನಮ್ಮ ಕಡೆಯ ರೂಢಿ, ಆ ಕರೆಯೂ ನಿಂತಿತ್ತು. ಹಾಗಿದ್ದವನು ಸರಿಯಾಗಿ ಅಕ್ಷತೆಯ ಹೊತ್ತಿಗೆ ಬಂದು, ಅಕ್ಕನ ಮಗಳ ಹಿಂದೆ ನಿಂತು, ಊಟಕ್ಕೂ ಕೂರದೆ ಹೋಗಿಬಿಟ್ಟಿದ್ದ. ಈಕೆ ಹಿಂದಿನಿಂದ ಬರುವಷ್ಟರಲ್ಲಿ ಅವನ ಗಾಡಿಯ ಧೂಳೂ ಇರಲಿಲ್ಲ.

'ಫೋಟೋದಾಗ ಅವನ ಕಿವಿ ಅಷ್ಟ ಬಂದೈತ್ರಿ,' ಎಂದರು. ನಗಲು ನೋಡಿದರು, ಆಗಲಿಲ್ಲ. 'ಎದರಿನ ಕ್ಯಾಮೆರಾಕ್ಕ ಮಂದಿ ಮೊಬೈಲ್ ಎತ್ತಿ ಅಡ್ಡ ನಿಂತಾರಂತ. ನೀವ ಬಾಜೂಕ ಒಂದ ಸಣ್ಣ ಕ್ಯಾಮೆರಾ ಇಟ್ಟಿದ್ರಲ್ಲ, ಅದರಾಗ ಅಂವ ಬಂದಿರ್ತಾನ ನೋಡ್ರಿ. ಅದನ್ನ ಚಂದಾಗಿ ಹಾಕ್ರಿ. ಅಂವ ನಿಂತದ್ದ ನಾ ಒಮ್ಮೆ ಕಣ್ತುಂಬ ನೋಡಬೇಕು. ಬ್ಯಾರೆ ಏನೂ ಕೇಳೂದಿಲ್ಲ.'

'ಚಿಂತಿ ಬಿಡ್ರಿ,' ಎಂದೆ. ಬಾಯಲ್ಲಿ ಅವರದೇ ಜಿಲೇಬಿ ಇತ್ತು.

ಅವರು ಹೇಳಿದ್ದು ನಿಜವಿತ್ತು. ಮಂಟಪದ ಪಕ್ಕದ ಕಂಬಕ್ಕೆ ಕಟ್ಟಿದ್ದ ಸಣ್ಣ ಕ್ಯಾಮೆರಾದಲ್ಲಿ ಆತ ಚೊಕ್ಕವಾಗಿ ಬಂದಿದ್ದ. ಕೇಸರಿ ಪೇಟ, ಬಿಳಿ ಅಂಗಿ, ಹುಡುಗಿಯ ಹಿಂದೆ ಎದೆ ಕೊಟ್ಟು ನಿಂತ ನಿಲುವು. ಅಕ್ಷತೆ ಬಿದ್ದ ಮೇಲೆ ಆತ ಕಂಬದ ಹತ್ತಿರ ಬಂದು, ನೇರ ಕ್ಯಾಮೆರಾದತ್ತ ನೋಡಿ ಏನೋ ಅನ್ನುತ್ತಿದ್ದ. ತುಟಿ ಅಲುಗುತ್ತಿದ್ದವು. ಏನು ಅನ್ನುತ್ತಿದ್ದ ಎಂದು ನಾನು ಕೇಳಲಿಲ್ಲ. ಯಾಕೆಂದರೆ ಮಿಕ್ಸಿಂಗಿಗೆ ಕೂತ ಕೂಡಲೇ ಕ್ಯಾಮೆರಾದ ಸದ್ದನ್ನೆಲ್ಲ ಆರಿಸಿಬಿಡುವುದು ನನ್ನ ರೂಢಿ. ಮದುವೆಯ ಸದ್ದೆಂದರೆ ಬ್ಯಾಂಡು, ಮಕ್ಕಳ ಕಿರುಚಾಟ, ಮೈಕಿನಲ್ಲಿ ಯಾರದೋ ಗಾಡಿ ಸರಿಸಿರೆಂಬ ಕೂಗು. ಯಾರಿಗೆ ಬೇಕದು? ಮೇಲೆ ಒಂದು ಸಿನಿಮಾ ಹಾಡು ಎಳೆದರೆ ಮುಗಿಯಿತು. ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದಕ್ಕೆ ಬೈಯುತ್ತಿರಬೇಕು ಅಂದುಕೊಂಡು, ಆತ ಬಾಯಿ ತೆರೆಯುವುದಕ್ಕೆ ಮುಂಚೆಯೇ ತುಣುಕು ಕತ್ತರಿಸಿದೆ.

ಆಮೇಲೆ ಡಿಸ್ಕು ತುಂಬಿತು. ಮದುವೆ ಮೇಲೆ ಮದುವೆ ಬರುತ್ತಿದ್ದವು. ಸಣ್ಣ ಕ್ಯಾಮೆರಾದ ಫೋಲ್ಡರುಗಳನ್ನೆಲ್ಲ ಬಾಚಿ ಇನ್ನೊಂದು ಡಿಸ್ಕಿಗೆ ಸರಿಸಿದೆ. ಊರಿನ ಹೆಸರು ಹಚ್ಚಿದ್ದೆನೇ? ಎಲ್ಲಿಂದ! ಒಂದು ಫೋಲ್ಡರಿನ ಹೆಸರು 'ಸಣ್ಣ ಕ್ಯಾಮೆರಾ', ಇನ್ನೊಂದರ ಹೆಸರು 'ಸಣ್ಣ ಕ್ಯಾಮೆರಾ ಹೊಸದು'. ಕೊಡುವ ದಿನ ಟೈಮ್‌ಲೈನ್ ತೆರೆದರೆ ಅಕ್ಷತೆಯ ನಡುವೆ ಒಂದು ಕಡೆ ಕೆಂಪು. ಹುಡುಕು ಎಂದು ಒತ್ತಿದೆ, ಒಂದು ಫೋಲ್ಡರ್ ತೋರಿಸಿದೆ, ಕೆಂಪು ಹೋಯಿತು. ಆ ಜಾಗದಲ್ಲಿ ಬಾಸಿಂಗ ಕಟ್ಟಿದ ಹುಡುಗಿ, ಹಿಂದೆ ಪೇಟ ಸುತ್ತಿದ ಗಂಡಸು, ಮೇಲೆ ಅಕ್ಕಿಕಾಳು. ಕಂಪ್ಯೂಟರಿನ ಆ ಸಣ್ಣ ಚೌಕದಲ್ಲಿ ನನಗೆ ಎಲ್ಲ ಮದುವೆಗಳೂ ಒಂದೇ ಆಗಿಬಿಟ್ಟಿದ್ದವು. ಎಕ್ಸ್‌ಪೋರ್ಟಿಗೆ ಹಚ್ಚಿ ಚಹಾ ಕುಡಿಯಲು ಕೆಳಗಿಳಿದೆ. ಮುಗಿದ ವಿಡಿಯೋ ಒಮ್ಮೆಯೂ ಹಚ್ಚಿ ನೋಡಲಿಲ್ಲ.

ಪೆನ್‌ಡ್ರೈವನ್ನು ನಾನೇ ಅವರ ಮನೆಗೆ ಒಯ್ದೆ. ಮದುವೆಯಾದ ಹುಡುಗಿ ಗಂಡನ ಜೊತೆ ಬಂದಿದ್ದಳು, ಬೀಗರೂ ಇದ್ದರು. ಟಿವಿಗೆ ಚುಚ್ಚಿದರು. ನನಗೆ ಕುರ್ಚಿ, ಉಳಿದವರಿಗೆ ಚಾಪೆ. ಕಾಲ ಮೇಲೆ ಕಾಲು ಹಾಕಿ ಕೂತು, ಹೊಗಳಿಕೆ ಯಾವಾಗ ಬಂದೀತೆಂದು ಕಾಯುತ್ತಿದ್ದೆ. ಅರಿಷಿಣದ ಹಾಡು ಬಂತು, ಎಲ್ಲರೂ ನಕ್ಕರು. ಅಕ್ಷತೆ ಬಂತು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಟಿವಿಯ ತೀರ ಹತ್ತಿರ ಬಂದು ನಿಂತರು.

ಪರದೆಯ ಮೇಲೆ ಒಬ್ಬ ದಪ್ಪ ಮೀಸೆಯ ಮನುಷ್ಯ ನಿಂತಿದ್ದ.

'ಇಂವ ಯಾರ್ರಿ?' ಎಂದರು ತಾಯಿ. ಅಷ್ಟರಲ್ಲಿ ಮಗಳು ಮುಂದೆ ಬಗ್ಗಿ ನೋಡಿದಳು. 'ಅವ್ವಾ, ಈಕಿ ನಾ ಅಲ್ಲ! ಇದು ನನ್ನ ಸೀರಿ ಅಲ್ಲ!'

ಮನೆಗೆ ಮನೆಯೇ ನಗತೊಡಗಿತು. 'ನಮಗ ತೋರಿಸಿದ ಹೆಣ್ಣ ಬ್ಯಾರೆ, ಕೊಟ್ಟ ಹೆಣ್ಣ ಬ್ಯಾರೆ ಆತಲ್ರಿ,' ಎಂದು ಬೀಗರೊಬ್ಬರು ಚಪ್ಪಾಳೆ ತಟ್ಟಿದರು. ಯಾರೋ ಹಿಂದೆ ತಿರುಗಿಸಿ ಮತ್ತೆ ಹಚ್ಚಿದರು, ಇನ್ನೊಬ್ಬರು ಟಿವಿಯನ್ನೇ ಮೊಬೈಲಿನಲ್ಲಿ ಹಿಡಿದುಕೊಂಡರು. ನನಗೆ ಕೂಡಲೇ ತಿಳಿಯಿತು. ಅದು ಶೇಡಬಾಳದ ಮದುವೆ. ಅಲ್ಲಿಯೂ ಅದೇ ಸಣ್ಣ ಕ್ಯಾಮೆರಾವನ್ನು ಮಂಟಪದ ಕಂಬಕ್ಕೇ ಕಟ್ಟಿದ್ದೆವು. ಅದೇ ಫೈಲಿನ ಹೆಸರು. ಕಾಲ ಮೇಲಿಂದ ಕಾಲು ತಾನಾಗಿ ಇಳಿಯಿತು.

ತಾಯಿ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿದರು.

'ಟೆಕ್ನಿಕಲ್ ಪ್ರಾಬ್ಲೆಮ್ ರೀ,' ಎಂದೆ. ನಾಲಗೆ ತಾನಾಗೇ ಹೇಳಿತು. 'ಕಂಪ್ಯೂಟರ್ ಮಾಡಿದ್ದ ತಪ್ಪ.'

'ಕಂಪ್ಯೂಟರಿಗೆ ನಮ್ಮ ತಮ್ಮನ ಮ್ಯಾಲ ಏನ ಸಿಟ್ರೀ?' ಎಂದು ಕೇಳಿದರು. ವ್ಯಂಗ್ಯಕ್ಕಲ್ಲ, ನಿಜವಾಗಿಯೇ ಕೇಳಿದರು.

'ನಾಳೇನ ಸರಿ ಮಾಡಿ ತರ್ತೇನ್ರಿ,' ಎಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ನಾಳೆ ಮಾಡಲಿಲ್ಲ. ಸರಿ ಮಾಡುವುದು ದೊಡ್ಡ ಕೆಲಸವೂ ಅಲ್ಲ. ಇನ್ನೊಂದು ಫೋಲ್ಡರ್ ತೋರಿಸಬೇಕು, ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು, ಅಷ್ಟೇ. ಆದರೆ ಆ ಮದುವೆಯ ಹೆಸರು ಕಂಡರೆ ಸಾಕು, ಆ ಮನೆಯವರ ನಗು ಕಿವಿಯಲ್ಲಿ ಬರುತ್ತಿತ್ತು. ನಾಚಿಕೆಯಾಗುತ್ತಿತ್ತು. ನಾಚಿಕೆ ಆದವನು ಆ ಕೆಲಸವನ್ನೇ ಮೊದಲು ಮುಗಿಸಬೇಕಲ್ಲವೇ? ನಾನು ಬೇರೆ ಮದುವೆ ತೆರೆದು ಕೂರುತ್ತಿದ್ದೆ. ಇವತ್ತು ಬೇಡ, ನಾಳೆ. ನಾಳೆ ಕರೆಂಟು ಇಲ್ಲ, ನಾಡಿದ್ದು. ಅಷ್ಟರಲ್ಲಿ ಅವರ ಫೋನು ಬಂತು.

'ಆತೇನ್ರಿ?'

'ರೆಂಡರಿಗೆ ಹಚ್ಚೇನ್ರಿ,' ಎಂದೆ.

ರೆಂಡರ್ ಅಂದರೆ ಮುಗಿದ ಕೆಲಸವನ್ನು ಕಂಪ್ಯೂಟರ್ ಒಂದೇ ವಿಡಿಯೋ ಮಾಡಿ ಬೇಯಿಸಿ ಕೊಡುವುದು. ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳುವ ಸುಳ್ಳು ಇದು. ಕೆಲಸ ಮುಟ್ಟದೇ ಇದ್ದಾಗ ರೆಂಡರಿಗೆ ಹಚ್ಚೇನ್ರಿ ಅನ್ನುತ್ತೇವೆ; ಗಿರಾಕಿಗೆ ಅದು ಏನೆಂದು ತಿಳಿಯದ ಕಾರಣ ಸುಮ್ಮನಾಗುತ್ತಾರೆ. ಈಕೆ ಆ ಮಾತನ್ನು ನಂಬಿದರು. ಮುಂದೆ ಪ್ರತಿ ಫೋನಿನಲ್ಲೂ ಯಾರೋ ಆಸ್ಪತ್ರೆಯಲ್ಲಿ ಮಲಗಿದ್ದಾರೇನೋ ಅನ್ನುವಂತೆ ಕೇಳುತ್ತಿದ್ದರು: 'ರೆಂಡರ್ ಹೆಂಗೈತ್ರಿ ಈಗ?'

ಒಂದು ದಿನ ಫೋನು ಮಾಡಿದಾಗ ಅವರ ದನಿ ಬೇರೆಯೇ ಇತ್ತು. ಟಿವಿಯಿಂದ ಹಿಡಿದ ಆ ತಮಾಷೆಯ ತುಣುಕು ಮೊಬೈಲಿನಿಂದ ಮೊಬೈಲಿಗೆ ದಾಟಿ ಐನಾಪುರ ಮುಟ್ಟಿತ್ತು.

'ಅಕ್ಕ ಬೇಕಂತ ನನ್ನ ತಗಸಿ ಬ್ಯಾರೇದವನ ನಿಂದರ್ಸ್ಯಾಳ ಅಂತ ಅಂದಾನಂತ್ರಿ ನಮ್ಮ ತಮ್ಮ,' ಎಂದರು. 'ಲಗೂನ ಕೊಡ್ರಿ. ಅದನ್ನ ಅವಂಗ ಕಳಸ್ತೇನಿ. ನಾ ಹಂಗ ಮಾಡಾಕಿ ಅಲ್ಲ ಅಂತ ತಿಳೀಲಿ. ಪಂಚಮಿ ಬಂತ. ಈ ವರ್ಷರೆ ಕರದಾನು ಅಂತ ಆಸೆ ಐತ್ರಿ ನನಗ.'

'ಮುಗೀತ ಬಂತ್ರಿ,' ಎಂದೆ. ಹಾಗೆ ಹೇಳುವಾಗ ಕಂಪ್ಯೂಟರಿನಲ್ಲಿ ರಾಯಬಾಗದ ಯಾವುದೋ ಮಗುವಿನ ಕೂದಲು ತೆಗೆಸಿದ ಜಾವಳದ ವಿಡಿಯೋ ತೆರೆದಿತ್ತು. ಥೂ, ಎಂಥ ಮನುಷ್ಯ ನಾನು.

ಪಂಚಮಿ ಬಂತು, ಹೋಯಿತು. ನಾನೂ ಮನೆಯಲ್ಲಿ ಕೂತು ಉಂಡಿ ತಿಂದೆ. ತವರಿಗೆ ಬಂದಿದ್ದ ನನ್ನ ತಂಗಿಯರು ಜೋಕಾಲಿ ಜೀಕಿ ಹೋದರು. ಆಮೇಲೆ ಆ ತಾಯಿಯ ಫೋನು ಬರಲಿಲ್ಲ. ಹೊರೆ ಇಳಿಯಿತು ಅಂದುಕೊಂಡೆ.

ಗಣಪತಿ ಹಬ್ಬಕ್ಕೆ ಓಣಿಯಲ್ಲಿ ಮಂಟಪ ಕಟ್ಟುತ್ತಿದ್ದಾಗ ಅವರೇ ಮೆಟ್ಟಿಲು ಹತ್ತಿ ಬಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಗೆದ್ದು ಬಿಡುತ್ತಿದ್ದೆ, ಆ ಕಲೆ ನನಗೆ ಚೆನ್ನಾಗಿ ಬರುತ್ತದೆ. ಅದೇ ಕುರ್ಚಿಯ ತುದಿಯಲ್ಲಿ ಕೂತರು.

'ಪಂಚಮಿಗೆ ಕರೀಲಿಲ್ರಿ ಅಂವ,' ಎಂದರು. 'ಬಾಗಿಲದಾಗ ಕುಂತಿದ್ನಿ, ಬರ್ತಾನ ಅಂತ. ಈಗ ಅವಂಗ ಕಳಸೂದೂ ಬ್ಯಾಡ, ಏನೂ ಬ್ಯಾಡ. ರೆಂಡರ್ ಆಗಿರಲಿ, ಬಿಡಲಿ. ಅಂವ ನಿಂತದ್ದ ಎಷ್ಟ ಐತಿ ಅಷ್ಟ ತೋರಸ್ರಿ. ನೋಡಿ ಹೊಕ್ಕೇನಿ.'

ಆಗಲೇ ನನ್ನ ಫೋನು ಹೊಡೆದುಕೊಂಡಿತು. ಕೈಯಲ್ಲಿ ಮೌಸ್ ಇದ್ದುದರಿಂದ ಸ್ಪೀಕರಿಗೆ ಹಾಕಿದೆ. ಅಥಣಿಯವನು.

'ಅಣ್ಣಾ, ಒಂದ ದೊಡ್ಡ ಆರ್ಡರ್ ಚೊಕ್ಕಾಗಿ ಮುಗದೈತ್ರಿ. ನೀವ ಹೇಳಿದ್ದ ಗೋಡಿ ಮ್ಯಾಲ ಬರದ ಹಾಕೇನ್ರಿ. ಹೆಸರ ನೋಡಿ ಕೂಡಸಬ್ಯಾಡ, ಮಾರಿ ನೋಡಿ ಕೂಡಸ. ನೀವ ಅದೀರಿ ಅಂತ ನಮ್ಮ ಅನ್ನ ನಡದೈತ್ರಿ.'

ಫೋನು ಆರಿಸಿದೆ. ಆಕೆ ನನ್ನನ್ನು ನೋಡುತ್ತಿದ್ದರು. ಫೈಲು, ಫೋಲ್ಡರು ಅವರಿಗೆ ತಿಳಿಯದಿರಬಹುದು, ಆದರೆ ಆ ಮಾತು ಯಾರಿಗೆ ತಿಳಿಯುವುದಿಲ್ಲ? ನನಗೆ ಕತ್ತು ಎತ್ತಲು ಆಗಲಿಲ್ಲ. ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

'ಸಣ್ಣ ಕ್ಯಾಮೆರಾ' ಫೋಲ್ಡರ್ ತೆರೆದು ಮೂಲ ತುಣುಕನ್ನು ಹಚ್ಚಿದೆ. ಟೈಮ್‌ಲೈನಿಗೆ ಹಾಕಲಿಲ್ಲ, ಹಾಗೇ ಹಚ್ಚಿದೆ, ಹಾಗಾಗಿ ಸದ್ದೂ ಬಂತು. ಮಂಗಳಾಷ್ಟಕ, ಬ್ಯಾಂಡು, ಮಂದಿಯ ಗದ್ದಲ. ಕೇಸರಿ ಪೇಟದ ಗಂಡಸು ಹುಡುಗಿಯ ಹಿಂದೆ ನಿಂತಿದ್ದ. ಆಕೆ ಕುರ್ಚಿ ಬಿಟ್ಟೆದ್ದು ಮಾನಿಟರಿನ ಹತ್ತಿರ ಬಂದರು. 'ಸೊರಗ್ಯಾನ,' ಎಂದರು. 'ಪೇಟಾ ಸುತ್ತಾಕ ಇನ್ನಾ ಬರೂದಿಲ್ಲ ನೋಡ್ರಿ ಅವಂಗ.' ಅಕ್ಷತೆ ಬಿತ್ತು. ನಾನು ಎಲ್ಲಿ ಕತ್ತರಿಸಿದ್ದೆನೋ ಆ ಜಾಗ ದಾಟಿತು. ಆತ ಕಂಬದ ಹತ್ತಿರ ಬಂದ. ಆ ಕಡೆ ಈ ಕಡೆ ನೋಡಿ, ಕ್ಯಾಮೆರಾಕ್ಕೆ ಮುಖ ತಂದು, ಗದ್ದಲದೊಳಗೆ ಕೇಳಲೆಂದು ಜೋರಾಗಿ ಹೇಳಿದ:

'ಅಕ್ಕಾ, ನೀ ಹಿಂದ ನಿಂತಿರ್ತಿ, ನಿನಗ ಕಾಣೂದಿಲ್ಲ. ಅದಕ್ಕ ಇದರಾಗ ಹೇಳಾಕತ್ತೇನಿ. ನಾ ಬಂದೇನಿ ನೋಡ. ಮಾರಿ ಕೊಟ್ಟ ಹೇಳಾಕ ಬಾಯಿ ಬರೂದಿಲ್ಲ ನನಗ. ಮನಸಿನ್ಯಾಗ ಇಟ್ಕೋಬ್ಯಾಡ. ಪಂಚಮಿಗೆ ಬಾ. ಉಂಡಿ ಕಟ್ಟಸಿರ್ತೇನಿ. ನೀ ಬಂದ್ರ ಎಲ್ಲಾ ಮರತಿ ಅಂತ ತಿಳ್ಕೋತೇನಿ.'

ತುಣುಕು ಅಲ್ಲಿಗೆ ಮುಗಿಯಿತು. ಆತ ಕರೆದಿದ್ದ. ಕರೆದು, ಅಕ್ಕನ ದಾರಿ ಕಾದಿದ್ದ. ಇತ್ತ ಈಕೆ ತಮ್ಮನ ಕರೆ ಬಂದೀತೆಂದು ಬಾಗಿಲಲ್ಲಿ ಕೂತಿದ್ದರು. ಆ ಕರೆ ಅಷ್ಟೂ ದಿನ ನನ್ನ ಮೇಜಿನ ಮೇಲೆ ಬಿದ್ದಿತ್ತು.

'ಇದನ್ನ ನೀವ ಕೇಳಿದ್ರೇನ್ರಿ?' ಎಂದು ಆಕೆ ಕೇಳಿದರು.

'ಇಲ್ರಿ.'

'ಅಂವ ಬಾಯಿ ಮಾಡಿದ್ದ ಕಂಡಿತ್ತಿಲ್ಲ?'

'ಕಂಡಿತ್ರಿ,' ಎಂದೆ. 'ನಾನ ಕತ್ತರಿಸಿ ಒಗದ್ನಿ.'

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಬಯ್ಯುತ್ತಾರೆ, ಬಯ್ಯಲಿ, ಎರಡು ಏಟು ಹೊಡೆದರೂ ಹೊಡೆಯಲಿ ಎಂದು ತಲೆ ಬಗ್ಗಿಸಿ ಕಾದೆ.

'ನಿಮ್ದ ಗಾಡಿ ಐತೇನ್ರಿ?' ಎಂದರು. 'ಐನಾಪುರಕ್ಕ ಬಿಡ್ರಿ ನನ್ನ.'

ತುಣುಕನ್ನು ಅವರ ಮೊಬೈಲಿಗೆ ಹಾಕಿ, ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಕೃಷ್ಣೆಯ ಸೇತುವೆ ದಾಟಿ ಹೋಗುವವರೆಗೂ ಆಕೆ ಮೊಬೈಲನ್ನು ಕಿವಿಗೆ ಹಿಡಿದು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಅಕ್ಕಾ, ನೀ ಹಿಂದ ನಿಂತಿರ್ತಿ, ನಿನಗ ಕಾಣೂದಿಲ್ಲ. ನನಗೆ ಕಾರು ನಿಲ್ಲಿಸಿ ಇಳಿದು ಓಡಿಹೋಗಬೇಕೆನಿಸುತ್ತಿತ್ತು.

ತಮ್ಮ ಅಂಗಳದಲ್ಲಿ ಔಷಧ ಹೊಡೆಯುವ ಪಂಪಿನ ಪೈಪು ಬಿಚ್ಚಿಕೊಂಡು ಕೂತಿದ್ದ. ಅಕ್ಕ ಇಳಿದದ್ದು ಕಂಡರೂ ಏಳಲಿಲ್ಲ. ಒಳಗಿನ ಕಡೆ ಮುಖ ಮಾಡಿ ಹೆಂಡತಿಗೆ 'ನೀರ ತಾ' ಎಂದು ಕೂಗಿದ, ಅಷ್ಟೇ.

'ತಮ್ಮಾ, ನೀ ಅಂದಿದ್ದ ಇವತ್ತ ಕೇಳಿದ್ನಿ,' ಎಂದರು ಆಕೆ ನಿಂತಲ್ಲೇ. 'ಇವತ್ತ, ಈಗ. ಕೇಳಿದಾಕಿನ ಬಂದೇನಿ.'

ಮೊಬೈಲು ಹಚ್ಚಿ ಹಿಡಿದರು. ಆತನ ದನಿ ಆತನ ಅಂಗಳದಲ್ಲೇ ಕೇಳಿತು. ಆತ ಪೈಪು ಕೈಯಲ್ಲಿ ಹಿಡಿದು ಕೊನೆಯವರೆಗೆ ಕೇಳಿದ. ಉಂಡಿ ಕಟ್ಟಸಿರ್ತೇನಿ ಎಂಬಲ್ಲಿ ಮುಖ ಪಕ್ಕಕ್ಕೆ ತಿರುಗಿಸಿದ.

'ನೀ ಕೇಳಿಯೂ ಬರ್ಲಿಲ್ಲ ಅಂತ ತಿಳದಿದ್ನಿ ಬೇ ಅಕ್ಕಾ,' ಎಂದ. 'ಮ್ಯಾಲ ನನ್ನ ಜಾಗಾದಾಗ ಯಾವನ್ನೋ ನಿಂದರ್ಸಿ ನಗೂದ ಬ್ಯಾರೆ. ಇಷ್ಟ ದಿನಾ ಎಲ್ಲಿತ್ತಿದು?'

ಆಕೆ ನನ್ನ ಕಡೆ ನೋಡಲಿಲ್ಲ. 'ಕಂಪ್ಯೂಟರಿನ್ಯಾಗ ಸಿಕ್ಕೊಂಡಿತ್ತಂತ. ಯಾರ ಏನ ಮಾಡಾಕ ಬರ್ತೈತಿ?' ಎಂದರು.

ನನ್ನ ಸುಳ್ಳನ್ನು ನನಗಾಗಿ ಆಕೆ ಹೇಳಿದ್ದರು. ಎಲ್ಲರ ಮುಂದೆ ಮರ್ಯಾದೆ ಉಳಿಸಲು ಹೇಳಿದ್ದು. ಟಿವಿ ಮುಂದೆ ಕೂತ ದಿನಕ್ಕಿಂತ ಆ ಗಳಿಗೆಯಲ್ಲಿ ನನಗೆ ಹೆಚ್ಚು ನಾಚಿಕೆಯಾಯಿತು.

'ಕಂಪ್ಯೂಟರಲ್ರಿ,' ಎಂದೆ. 'ನಾನ. ನೋಡಲಾರದ ಕೊಟ್ಟೆ, ಕೇಳಲಾರದ ಕತ್ತರಿಸಿದೆ. ಆಮ್ಯಾಲ ಸುಳ್ಳ ಹೇಳಿ ದಿನಾ ದೂಡಿದೆ.'

ತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಏನೋ ಅನ್ನಲು ಬಾಯಿ ತೆರೆದ, ಅಕ್ಕನ ಮುಖ ನೋಡಿ ನುಂಗಿಕೊಂಡ. 'ಕೂಡ್ರಿ,' ಎಂದ.

ಆತನ ಹೆಂಡತಿ ನೀರಿನ ಜೊತೆ ಒಂದು ಸ್ಟೀಲಿನ ಡಬ್ಬಿಯನ್ನೂ ತಂದು ಇಟ್ಟರು. ಪಂಚಮಿಗೆಂದು ಅಕ್ಕನ ಪಾಲು ತೆಗೆದಿಟ್ಟ ಶೇಂಗಾ ಉಂಡಿ. ಮುಚ್ಚಳ ತೆಗೆದ ಕೂಡಲೇ ಕಮಟು ವಾಸನೆ ಅಂಗಳಕ್ಕೆಲ್ಲ ಹರಡಿತು.

'ಅದನ್ನ ಯಾಕ ತಂದಿ? ಕೆಟ್ಟಾವ. ದನಕ್ಕ ಹಾಕ ಅಂತ ಅವತ್ತ ಹೇಳಿದ್ನಿ,' ಎಂದ ತಮ್ಮ.

'ಅವರ ಪಾಲ ನಾ ಯಾಕ ದನಕ್ಕ ಹಾಕ್ಲಿ?' ಎಂದರು ಹೆಂಡತಿ.

'ಕೊಡ ಇಲ್ಲಿ,' ಎಂದು ಅಕ್ಕ ಡಬ್ಬಿ ಎಳೆದುಕೊಂಡರು. ತಮ್ಮ ಬೇಡ ಬೇಡ ಅನ್ನುತ್ತಿದ್ದಂತೆ ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಡಬ್ಬಿಯನ್ನು ನನ್ನ ಮುಂದೆ ಹಿಡಿದರು. 'ತಗೋರಿ. ದೂರದಿಂದ ಬಂದೀರಿ.'

ತೆಗೆದುಕೊಂಡೆ. ಕಟ್ಟಿದ ದಿನ ತಿಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೋ ಏನೋ. ಈಗ ಶೇಂಗಾ ಕೆಟ್ಟು, ಬೆಲ್ಲ ನೀರೊಡೆದು, ನಾಲಗೆಗೆ ಕಹಿ ಹತ್ತಿತು. ಅದನ್ನು ಕೆಡಿಸಿದವನು ನಾನು. ಹೊರಗೆ ಹೋಗಿ ಉಗುಳಿ ಬರಬಹುದಿತ್ತು, ಆದರೆ ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

'ಚಲೋ ಆಗ್ಯಾವಲ್ರಿ?' ಎಂದು ಕೇಳಿದರು.

'ಹೌದ್ರಿ, ಚಲೋ ಆಗ್ಯಾವ,' ಎಂದು ಪೂರ್ತಿ ನುಂಗಿದೆ.